ಕಾಫಿ ಕೊಂಡರೆ ಹಬ್ಬದ ಪುಸ್ತಕ ಪುಕ್ಕಟೆ: ಮ್ಯಾಕ್ಸ್‌ವೆಲ್ ಹೌಸ್ ಹಗ್ಗಾದಾ ಹೇಗಿದೆ?

ಮಾರ್ಚ್ ತಿಂಗಳ ಹೊತ್ತಿಗೆ ನಮ್ಮ ನ್ಯೂಜೆರ್ಸಿ ಕಡೆಯ ಸೂಪರ್ ಮಾರ್ಕೆಟ್‌ಗಳಲ್ಲಿ ಒಂದು ಸಾಲು ಪೂರ್ತಿ ಬದಲಾಗುತ್ತದೆ. ಮಾಟ್ಸಾ ಅನ್ನುವ ಹುಳಿ ಬರಿಸದ ಚಪ್ಪಟೆ ರೊಟ್ಟಿಯ ಡಬ್ಬಗಳನ್ನು ಎದೆಯೆತ್ತರಕ್ಕೆ ಪೇರಿಸಿರುತ್ತಾರೆ. ಪಕ್ಕದಲ್ಲೇ ದ್ರಾಕ್ಷಿ ರಸದ ಬಾಟಲಿಗಳು, ಹಳದಿ ಮುಚ್ಚಳದ ಕೋಕ್, ಜಾಡಿಯಲ್ಲಿ ಮೀನಿನ ಉಂಡೆ. ಅಲ್ಲೇ ಮ್ಯಾಕ್ಸ್‌ವೆಲ್ ಹೌಸ್ ಕಾಫಿ ಡಬ್ಬಗಳ ಹತ್ತಿರ ತೆಳ್ಳಗಿನ ಪುಸ್ತಕಗಳ ಒಂದು ಕಟ್ಟು ಇರುತ್ತದೆ. ಕಾಫಿ ಕೊಂಡರೆ ಪುಸ್ತಕ ಪುಕ್ಕಟೆ. ಅದರ ಹೆಸರು ಹಗ್ಗಾದಾ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿಗೆ ಯಹೂದಿಗಳು ಮಾಡುವ ಪಾಸೋವರ್ ಹಬ್ಬದ ರಾತ್ರಿ ಊಟದ ಮೇಜಿನ ಸುತ್ತ ಕೂತು ಓದುವ ಪುಸ್ತಕ ಅದು.

ಈ ಬರಹ ಆ ಪುಸ್ತಕದ ಬಗ್ಗೆ. ಕಾಫಿಯ ಬಗ್ಗೆ ಅಲ್ಲ, ನಮ್ಮನೆಯಲ್ಲಿ ಊರಿಂದ ಬಂದ ಚಿಕೋರಿ ಪುಡಿಯೇ ನಡೆಯುವುದು. ಪುಸ್ತಕ ಮಾತ್ರ ಕೆಲವು ವರ್ಷಗಳಿಂದ ನಮ್ಮ ಕಪಾಟಿನಲ್ಲಿದೆ. ಪಕ್ಕದ ಮನೆಯ ಯಹೂದಿ ಕುಟುಂಬ ನಮ್ಮನ್ನು ಸೇಡರ್‌ಗೆ, ಅಂದರೆ ಆ ರಾತ್ರಿಯ ಓದು ಮತ್ತು ಊಟಕ್ಕೆ, ಕರೆಯುತ್ತದೆ, ಮಗಳಿಗಂತೂ ಆ ರಾತ್ರಿ ಅಂದರೆ ಪ್ರಾಣ. ಮೊದಲೇ ಹೇಳಿಬಿಡುತ್ತೇನೆ: ಪುಕ್ಕಟೆ ಸಿಗುವ ವಸ್ತುಗಳಲ್ಲಿ ಇಷ್ಟು ಕೆಲಸ ಮಾಡಿದ ಇನ್ನೊಂದನ್ನು ನಾನು ನೋಡಿಲ್ಲ. ಅಮೆರಿಕದಲ್ಲಿ ಯಹೂದಿ ಧರ್ಮ ಹೊರಗಿನವರ ಧರ್ಮವಾಗಿದ್ದದ್ದು ಹೇಗೆ ಎಲ್ಲರಿಗೂ ಪರಿಚಯದ ಧರ್ಮವಾಯಿತು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಇದನ್ನೇ ಕೈಗೆ ಕೊಡುತ್ತೇನೆ.

ಪುಸ್ತಕ ಹೇಗಿದೆ ಅನ್ನುವುದನ್ನು ನೋಡೋಣ. ಹಗುರ, ತೆಳು ರಟ್ಟಿನ ಹೊದಿಕೆ, ಬಲದಿಂದ ಎಡಕ್ಕೆ ತೆರೆಯುತ್ತದೆ. ಹೀಬ್ರೂ ಮೂಲ, ಅದರ ಜೊತೆಗೇ ಇಂಗ್ಲಿಷ್ ಅರ್ಥ. ಮುಖ್ಯ ಪ್ರಾರ್ಥನೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಕೊಟ್ಟಿದ್ದಾರೆ. ಹಾಗಾಗಿ ಹೀಬ್ರೂ ಓದಲು ಬಾರದವರೂ ಬಾಯಿ ಸೇರಿಸಬಹುದು. ಚಿತ್ರ, ಬಣ್ಣ, ಅಲಂಕಾರ ಅಂತ ಆಸೆ ಇಟ್ಟುಕೊಂಡು ತೆರೆಯಬೇಡಿ. ನಮ್ಮಲ್ಲಿ ವರಮಹಾಲಕ್ಷ್ಮಿ ವ್ರತದ ಪುಸ್ತಕ ಇರುತ್ತದಲ್ಲ, ಬಳೇಪೇಟೆಯಲ್ಲೋ ಗಾಂಧಿ ಬಜಾರಿನಲ್ಲೋ ಸಿಗುವಂಥದ್ದು, ಅರಿಶಿನ ಕುಂಕುಮದ ಕಲೆ ಹತ್ತಿ ವರ್ಷಗಟ್ಟಲೆ ದೇವರ ಮನೆಯಲ್ಲಿ ಉಳಿಯುವಂಥದ್ದು, ಇದೂ ಹಾಗೆಯೇ. ಪುರೋಹಿತರು ಬರದಿದ್ದರೂ ಮನೆಯವರೇ ಓದಿಕೊಂಡು ಹಬ್ಬ ಮುಗಿಸಬಹುದು.

ಈ ಪುಸ್ತಕ ಹುಟ್ಟಿದ ಕಥೆ ಕಾಫಿ ನಾಡಿನವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಾಸೋವರ್ ಎಂಟು ದಿನ ಯಹೂದಿಗಳು ಹುಳಿ ಬಂದ ಗೋಧಿ, ಬಾರ್ಲಿ ಪದಾರ್ಥ ಮುಟ್ಟುವುದಿಲ್ಲ. ಯುರೋಪಿನಿಂದ ಬಂದವರಲ್ಲಿ ಇನ್ನೊಂದು ಕಟ್ಟಳೆ ಇತ್ತು. ಅವರೆ, ಕಡಲೆಯಂಥ ಕಾಳುಗಳು, ಅಕ್ಕಿ, ಮೆಕ್ಕೆಜೋಳ ಇವೂ ಬೇಡ. ಕಾಫಿ ಬೀಜ ನೋಡಿದವರು ಅದನ್ನೂ ಕಾಳು ಅಂದುಕೊಂಡರು. ಹಬ್ಬ ಬಂತೆಂದರೆ ಕಾಫಿ ಬಿಟ್ಟು ಚಹಾ ಕುಡಿಯುತ್ತಿದ್ದರು. ಕಂಪನಿಗೆ ಇದು ನಷ್ಟ, ಅಲ್ವಾ? ಆಗ ಜೋಸೆಫ್ ಜೇಕಬ್ಸ್ ಅನ್ನುವ ಜಾಹೀರಾತು ಕಂಪನಿಯವನು ನ್ಯೂಯಾರ್ಕ್‌ನ ಲೋಯರ್ ಈಸ್ಟ್ ಸೈಡ್‌ನ ಒಬ್ಬ ರಬ್ಬಿಯನ್ನು (ಯಹೂದಿ ಧರ್ಮಗುರು) ಹಿಡಿದ. ರಬ್ಬಿ ವಿಚಾರ ಮಾಡಿ ಹೇಳಿದರು: ಇದು ಕಾಳಲ್ಲ, ಹಣ್ಣಿನೊಳಗಿನ ಬೀಜ, ಹಬ್ಬದಲ್ಲಿ ಕುಡಿಯಬಹುದು. ಚಿಕ್ಕಮಗಳೂರು, ಕೊಡಗಿನ ಯಾವ ತೋಟದವರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ಗಿಡದಲ್ಲಿ ಕೆಂಪು ಹಣ್ಣು, ಸಿಪ್ಪೆ ಸುಲಿದರೆ ಒಳಗೆ ಎರಡು ಬೀಜ. 1923ರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿಗೆ ಪಾಸೋವರ್‌ಗೆ ಯೋಗ್ಯ ಅನ್ನುವ ಮುದ್ರೆ ಸಿಕ್ಕಿತು. 1932ರಲ್ಲಿ ಕಂಪನಿ ಪುಸ್ತಕವನ್ನೇ ಅಚ್ಚು ಹಾಕಿ ಡಬ್ಬದ ಜೊತೆ ಹಂಚತೊಡಗಿತು. ಅಂದಿನಿಂದ 5 ಕೋಟಿಗೂ ಹೆಚ್ಚು ಪ್ರತಿಗಳು ಮನೆಗಳಿಗೆ ಹೋಗಿವೆ.

ಇಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವ ಒಂದು ಮಾತಿದೆ. ಅಮೆರಿಕದಲ್ಲಿ ಮುಖ್ಯವಾಹಿನಿಗೆ ಸೇರಲು ಯಹೂದಿಗಳು ಎರಡು ದಾರಿ ಹಿಡಿದರು. ಒಂದು, ತಾವು ಬದಲಾಗುವುದು. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯಿಂದ ಬಂದವರ ಎಷ್ಟೋ ಪ್ರಾರ್ಥನಾ ಮಂದಿರಗಳಲ್ಲಿ ಚರ್ಚಿನ ಹಾಗೆ ಆರ್ಗನ್ ಬಂತು, ಇಂಗ್ಲಿಷ್ ಪ್ರವಚನ ಬಂತು, ಗಂಡಸರು ಹೆಂಗಸರು ಒಟ್ಟಿಗೆ ಕೂರತೊಡಗಿದರು. 1883ರಲ್ಲಿ ಸಿನ್ಸಿನಾಟಿಯಲ್ಲಿ ಹೀಬ್ರೂ ಯೂನಿಯನ್ ಕಾಲೇಜಿನ ಮೊದಲ ತಂಡದ ರಬ್ಬಿಗಳು ಓದು ಮುಗಿಸಿದಾಗ ಒಂದು ಔತಣ ಏರ್ಪಡಿಸಿದರು. ಆ ಊಟದಲ್ಲಿ ಏಡಿ, ಸಿಗಡಿ, ಕಪ್ಪೆಯ ಕಾಲು ಬಡಿಸಿದರು. ಯಹೂದಿ ಆಹಾರ ನಿಯಮದಲ್ಲಿ ಇವೆಲ್ಲ ಪೂರ್ತಿ ನಿಷಿದ್ಧ. ಆ ಊಟದ ಸಿಟ್ಟು ವರ್ಷಗಟ್ಟಲೆ ಆರಲಿಲ್ಲ. ಸಂಪ್ರದಾಯ ಉಳಿಯಬೇಕು ಅನ್ನುವವರು ಬೇರೆ ದಾರಿ ಹುಡುಕಿದರು, 1886ರಲ್ಲಿ ನ್ಯೂಯಾರ್ಕ್‌ನಲ್ಲಿ ಜ್ಯೂಯಿಷ್ ಥಿಯಾಲಾಜಿಕಲ್ ಸೆಮಿನರಿ ಅನ್ನುವ ರಬ್ಬಿಗಳ ಶಾಲೆ ಶುರುವಾಯಿತು.

ಎರಡನೇ ದಾರಿ ಅಂಗಡಿಯ ಕಪಾಟಿನದ್ದು. ಇದರಲ್ಲಿ ಬದಲಾಗಬೇಕಾದದ್ದು ಕಂಪನಿ. 1880ರಿಂದ 1924ರ ನಡುವೆ ಪೂರ್ವ ಯುರೋಪಿನಿಂದ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಬಂದರು. ಇಷ್ಟು ಜನ ಒಂದೇ ನಿಯಮ ಇಟ್ಟುಕೊಂಡು ಸಾಮಾನು ಕೊಳ್ಳುತ್ತಾರೆ ಅಂದ ಮೇಲೆ ವ್ಯಾಪಾರಿ ಸುಮ್ನೆ ಕೂರುತ್ತಾನೆಯೇ? ಹೈನ್ಜ್ ಕಂಪನಿಯ ಸಸ್ಯಾಹಾರಿ ಬೀನ್ಸ್ ಡಬ್ಬಕ್ಕೆ ಯಹೂದಿ ಆಹಾರ ನಿಯಮಕ್ಕೆ ಸರಿ, ಅಂದರೆ ಕೋಷರ್, ಅನ್ನುವ ವೃತ್ತದೊಳಗಿನ 'ಯು' ಮುದ್ರೆ ಬಂದದ್ದೂ 1923ರಲ್ಲೇ. 1935ರಲ್ಲಿ ಅಟ್ಲಾಂಟಾದ ರಬ್ಬಿ ಟೋಬಾಯಸ್ ಗೆಫೆನ್ ಅವರಿಗೆ ಕೋಕಾ ಕೋಲಾ ಕಂಪನಿ ತನ್ನ ಗುಟ್ಟಿನ ಪದಾರ್ಥಗಳ ಪಟ್ಟಿ ತೋರಿಸಿತು. ಅದರಲ್ಲಿ ಪ್ರಾಣಿ ಕೊಬ್ಬಿನಿಂದ ತೆಗೆದ ಗ್ಲಿಸರಿನ್ ಚೂರು ಇತ್ತು. ರಬ್ಬಿ ಒಪ್ಪಲಿಲ್ಲ, ಕಂಪನಿ ಅದನ್ನು ಬದಲಿಸಿತು. ಅಂಗಡಿಯಲ್ಲಿ ಈಗ ಹಬ್ಬದ ಹೊತ್ತಿಗೆ ಕಾಣುವ ಹಳದಿ ಮುಚ್ಚಳದ ಬಾಟಲಿ ಇದರ ಮುಂದುವರಿಕೆ, ಅದರಲ್ಲಿ ಜೋಳದ ಸಿರಪ್ ಬದಲು ಸಕ್ಕರೆ ಇರುತ್ತದೆ.

ಮ್ಯಾಕ್ಸ್‌ವೆಲ್ ಹೌಸ್ ಪುಸ್ತಕ ಈ ದಾರಿಯ ಅತ್ಯಂತ ಒಳ್ಳೆಯ ಉದಾಹರಣೆ. ಯಾಕೆಂದರೆ ಇವರು ಮೂಲಕ್ಕೆ ಕೈ ಹಾಕಲಿಲ್ಲ. ಹೀಬ್ರೂ ಪಠ್ಯ ಸಂಪ್ರದಾಯದಲ್ಲಿ ಇದ್ದಂತೆಯೇ ಇದೆ. ಉದ್ದ ಅಂತ ಕತ್ತರಿಸಿಲ್ಲ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಅಂತ ಮೆದು ಮಾಡಿಲ್ಲ. ಅದಕ್ಕೇ ಕಟ್ಟಾ ಸಂಪ್ರದಾಯದವರ ಮನೆಯಲ್ಲೂ ನಡೆಯಿತು, ವರ್ಷಕ್ಕೊಮ್ಮೆ ಮಾತ್ರ ಧರ್ಮ ನೆನಪಾಗುವವರ ಮನೆಯಲ್ಲೂ ನಡೆಯಿತು. ಒಂದೇ ಪುಸ್ತಕ, ಒಂದೇ ಪುಟ ಸಂಖ್ಯೆ. ಮೇಜಿನ ಸುತ್ತ ಇಪ್ಪತ್ತು ಜನ ಕೂತಿದ್ದರೂ ಎಲ್ಲರ ಕೈಯಲ್ಲೂ ಅದೇ ಪುಟ. ಇದು ದೊಡ್ಡ ಅನುಕೂಲ, ಬೇರೆ ಬೇರೆ ಪುಸ್ತಕ ಇಟ್ಟುಕೊಂಡು ಓದಿದವರನ್ನು ಕೇಳಿ ನೋಡಿ.

ಆದರೆ ಪುಸ್ತಕ ಬಂದ ಕಾಲ ಒಳ್ಳೆಯದೇನೂ ಆಗಿರಲಿಲ್ಲ. 1924ರ ವಲಸೆ ಕಾನೂನು ಪೂರ್ವ ಯುರೋಪಿನವರಿಗೆ ಬಾಗಿಲು ಮುಚ್ಚಿತ್ತು. ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಯಹೂದಿಗಳ ಮೇಲೆ ವಿಷ ಕಾರಿದ್ದ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಯಹೂದಿ ಹುಡುಗರು ಜಾಸ್ತಿ ಆದರು ಅಂತ ಪ್ರವೇಶಕ್ಕೆ ಮಿತಿ ಹಾಕುತ್ತಿದ್ದರು. ಹೋಟೆಲು, ಕ್ಲಬ್ಬು, ಮನೆ ಬಾಡಿಗೆ ಎಲ್ಲದರಲ್ಲೂ ತಡೆ. 1930ರ ದಶಕದಲ್ಲಿ ಚಾರ್ಲ್ಸ್ ಕಾಫ್ಲಿನ್ ಅನ್ನುವ ಪಾದ್ರಿ ರೇಡಿಯೋದಲ್ಲಿ ಇವರನ್ನು ಬೈದರೆ ಲಕ್ಷಾಂತರ ಜನ ಕೂತು ಕೇಳುತ್ತಿದ್ದರು. ಇಂಥ ಕಾಲದಲ್ಲಿ, ದೇಶವೆಲ್ಲ ಬಲ್ಲ ಒಂದು ಕಾಫಿ ಕಂಪನಿ ನಿಮ್ಮ ಹಬ್ಬದ ಪುಸ್ತಕವನ್ನು ತನ್ನ ಹೆಸರು ಹಾಕಿ ಅಚ್ಚು ಮಾಡಿ ಕೊಡುತ್ತದೆ ಅಂದರೆ ಆ ಮನೆಗಳಲ್ಲಿ ಎಂಥ ಧೈರ್ಯ ಬಂದಿರಬೇಕು! ಕಂಪನಿಗೆ ಲಾಭದ ಲೆಕ್ಕ ಇತ್ತು, ನಿಜ. ಧರ್ಮವನ್ನು ಕಾಫಿ ಮಾರಲು ಬಳಸಿದರು ಅನ್ನುವ ಆಕ್ಷೇಪ ಕೇಳಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಪುಸ್ತಕದೊಳಗೆ ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಇದೆ.

ಮೇಲಿನಿಂದ ಬಂದ ಮಾನ್ಯತೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1654ರಲ್ಲಿ ಬ್ರೆಜಿಲ್‌ನಿಂದ ಓಡಿಬಂದ 23 ಯಹೂದಿಗಳು ಈಗಿನ ನ್ಯೂಯಾರ್ಕ್‌ನಲ್ಲಿ ಇಳಿದಾಗ ಅಲ್ಲಿನ ಡಚ್ ಅಧಿಕಾರಿ ಪೀಟರ್ ಸ್ಟೈವೆಸೆಂಟ್ ಅವರನ್ನು ಹೊರಗೆ ಹಾಕಲು ನೋಡಿದ, ಅವನ ಮೇಲಿದ್ದ ಡಚ್ ವ್ಯಾಪಾರಿ ಕಂಪನಿ ಬಿಡಲಿಲ್ಲ. 1790ರಲ್ಲಿ ಜಾರ್ಜ್ ವಾಷಿಂಗ್ಟನ್ ನ್ಯೂಪೋರ್ಟ್‌ನ ಯಹೂದಿ ಸಭೆಗೆ ಪತ್ರ ಬರೆದು, ಈ ಸರ್ಕಾರ ಮತದ್ವೇಷಕ್ಕೆ ಬೆಂಬಲ ಕೊಡುವುದಿಲ್ಲ ಎಂದ. ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಪತ್ರ ಬಂದು ನೂರು ವರ್ಷ ಕಳೆದ ಮೇಲೂ ಹೋಟೆಲುಗಳು ಇವರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಿದ್ದವು. ಕಾಗದದ ಮೇಲಿನ ಹಕ್ಕು ಬೀದಿಗೆ ಇಳಿಯಲು ಎಷ್ಟು ಸಮಯ ಬೇಕು ನೋಡಿ.

ಎರಡನೇ ಮಹಾಯುದ್ಧ ಬಹಳಷ್ಟನ್ನು ಬದಲಿಸಿತು. 5 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕದ ಸೇನೆಯಲ್ಲಿದ್ದರು. ಎಲ್ಲ ಧರ್ಮದ ಹುಡುಗರು ಒಂದೇ ಡೇರೆಯಲ್ಲಿ ಮಲಗಿದರು. 1943ರ ಫೆಬ್ರವರಿಯಲ್ಲಿ ಡಾರ್ಚೆಸ್ಟರ್ ಅನ್ನುವ ಹಡಗು ಮುಳುಗುವಾಗ ಸೇನೆಯ ನಾಲ್ಕು ಜನ ಧರ್ಮಗುರುಗಳು ತಮ್ಮ ಲೈಫ್ ಜಾಕೆಟ್ ಬಿಚ್ಚಿ ಸೈನಿಕರಿಗೆ ಕೊಟ್ಟು ಹಡಗಿನ ಜೊತೆಗೇ ಹೋದರು. ಇಬ್ಬರು ಪ್ರಾಟೆಸ್ಟಂಟರು, ಒಬ್ಬರು ಕ್ಯಾಥೊಲಿಕ್, ಒಬ್ಬರು ರಬ್ಬಿ ಅಲೆಕ್ಸಾಂಡರ್ ಗೂಡ್. ದೇಶ ಈ ನಾಲ್ವರನ್ನು ಒಟ್ಟಿಗೇ ನೆನೆಯಿತು, ಅಂಚೆ ಚೀಟಿಯೂ ಬಂತು. 1949ರಲ್ಲಿ ಅಧ್ಯಕ್ಷ ಟ್ರೂಮನ್ ಪ್ರಮಾಣವಚನದಲ್ಲಿ ಮೊದಲ ಬಾರಿಗೆ ಒಬ್ಬ ರಬ್ಬಿ ಪ್ರಾರ್ಥನೆ ಮಾಡಿದರು. 1950ರ ದಶಕ ಬರುವ ಹೊತ್ತಿಗೆ ಪ್ರಾಟೆಸ್ಟಂಟ್, ಕ್ಯಾಥೊಲಿಕ್, ಯಹೂದಿ ಅಂತ ಮೂರನ್ನೂ ಒಂದೇ ಉಸಿರಿಗೆ ಹೇಳುವುದು ರೂಢಿಯಾಯಿತು. ಹಾಗೆ ನೋಡಿದರೆ ಯಹೂದಿಗಳ ಸಂಖ್ಯೆ ನೂರಕ್ಕೆ ಮೂರೋ ನಾಲ್ಕೋ ಅಷ್ಟೆ. ನಗರ ಬಿಟ್ಟು ಹೊರವಲಯದ ಹೊಸ ಬಡಾವಣೆಗಳಿಗೆ ಬಂದವರು ಅಲ್ಲಿ ದೊಡ್ಡ ದೊಡ್ಡ ಮಂದಿರ ಕಟ್ಟಿದರು. ಮಕ್ಕಳಿಗೆ ಹೀಬ್ರೂ ಅಷ್ಟಕ್ಕಷ್ಟೆ. ಎರಡು ಭಾಷೆಯ ಪುಸ್ತಕ ಆಗ ಇನ್ನೂ ಜಾಸ್ತಿ ಬೇಕಾಯಿತು.

ಈಗ ಬಳಸಿದ ಅನುಭವ. ನಮ್ಮ ಪಕ್ಕದ ಮನೆಯ ಹಿರಿಯಾಕೆಯ ಬಳಿ ನೀಲಿ ಹೊದಿಕೆಯ ಹಳೆಯ ಪ್ರತಿಗಳಿವೆ, ಅವರ ಅಮ್ಮನ ಕಾಲದವು. ಪುಟಗಳ ಅಂಚಿನಲ್ಲಿ ಪೆನ್ಸಿಲ್ ಗುರುತು, ಯಾರು ಎಲ್ಲಿಂದ ಓದಬೇಕು ಅಂತ. ಒಂದು ಪುಟವಂತೂ ಪೂರ್ತಿ ಚುಕ್ಕೆ ಚುಕ್ಕೆ. ಈಜಿಪ್ಟಿಗೆ ಬಂದ ಹತ್ತು ಪೀಡೆಗಳ ಹೆಸರಿರುವ ಪುಟ ಅದು. ಒಂದೊಂದು ಹೆಸರು ಹೇಳುವಾಗಲೂ ಬೆರಳನ್ನು ವೈನಿಗೆ ಅದ್ದಿ ತಟ್ಟೆಯ ಮೇಲೆ ಒಂದು ಹನಿ ತೊಟ್ಟಿಕ್ಕಿಸುತ್ತಾರೆ. ರಕ್ತ, ಕಪ್ಪೆ, ಹೇನು ಹೀಗೆ ಹತ್ತು ಹನಿ. ಶತ್ರುವಿಗೆ ನೋವಾದಾಗ ನಮ್ಮ ಲೋಟ ತುಂಬಿರಬಾರದು ಅಂತ ಅವರು ಮಗಳಿಗೆ ವಿವರಿಸಿದರು. ನಾನು ಕೇಳಿಸಿಕೊಂಡು ಸುಮ್ಮನಾದೆ. ಇಂಥ ಒಂದು ಆಚರಣೆಗಾಗಿಯೇ ಆ ಧರ್ಮದ ಮೇಲೆ ಗೌರವ ಹುಟ್ಟುತ್ತದೆ.

ಮೇಜಿನಲ್ಲಿ ಎಲ್ಲರಿಗಿಂತ ಚಿಕ್ಕವರು ನಾಲ್ಕು ಪ್ರಶ್ನೆ ಕೇಳಬೇಕು. ಈ ರಾತ್ರಿ ಬೇರೆ ರಾತ್ರಿಗಳಂತಲ್ಲ, ಯಾಕೆ? ನಮ್ಮ ಮಗಳೇ ಚಿಕ್ಕವಳಾದ್ದರಿಂದ ಆ ಕೆಲಸ ಅವಳಿಗೆ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟ ಹೀಬ್ರೂ ನೋಡಿಕೊಂಡು ತಡವರಿಸದೆ ಓದಿದಳು. ಪುಸ್ತಕದ ಮುದ್ರಣ ಅಷ್ಟು ಸ್ಪಷ್ಟವಾಗಿದೆ. ಒಂದು ಮಗು ಪ್ರಶ್ನೆ ಕೇಳದೆ ಕಥೆ ಶುರುವಾಗುವುದೇ ಇಲ್ಲ ಅನ್ನುವ ಏರ್ಪಾಡು ನನಗೆ ಬಹಳ ಇಷ್ಟ.

ಕೊರತೆಗಳೂ ಇವೆ. ಇದು ಪಠ್ಯ ಕೊಡುತ್ತದೆ, ವಿವರಣೆ ಕೊಡುವುದು ಕಡಿಮೆ. ಯಾಕೆ ಉಪ್ಪು ನೀರಿಗೆ ಸೊಪ್ಪು ಅದ್ದುತ್ತಾರೆ, ಸೇಬು ಆಕ್ರೋಟಿನ ಸಿಹಿ ಗೊಜ್ಜು ಇಟ್ಟಿಗೆಯ ಗಾರೆಯನ್ನು ಯಾಕೆ ನೆನಪಿಸುತ್ತದೆ, ಬಾಗಿಲು ತೆರೆದು ಎಲೈಜಾ ಪ್ರವಾದಿಗೆ ಯಾಕೆ ಕಾಯುತ್ತಾರೆ, ಇದನ್ನೆಲ್ಲ ಗೊತ್ತಿದ್ದವರು ಪಕ್ಕದಲ್ಲಿ ಕೂತು ಹೇಳಿದರೇ ಚೆಂದ. ಹಳೆಯ ಪ್ರತಿಗಳ ಇಂಗ್ಲಿಷ್ ತೀರಾ ಹಳೆಯ ಬೈಬಲ್ ಶೈಲಿಯದ್ದು, ಮಕ್ಕಳಿಗೆ ಕಷ್ಟ. 2011ರಲ್ಲಿ ಹೊಸ ಅನುವಾದ ಬಂತು. ಆ ಹಳೆಯ ಪದಗಳು ಹೋದವು, ದೇವರನ್ನು ರಾಜ ಅನ್ನುತ್ತಿದ್ದ ಕಡೆ ಗಂಡು ಹೆಣ್ಣು ಎನ್ನದ ಪದ ಬಂತು. ಕೊಳ್ಳುವುದಾದರೆ ಹೊಸದನ್ನೇ ತೆಗೆದುಕೊಳ್ಳಿ. ಹಿರಿಯರಿಗೆ ಹಳೆಯದರ ಮೇಲೇ ಪ್ರೀತಿ, ಅದೂ ಸರಿಯೇ.

ಹೋಲಿಸಲು ಬೇರೆ ಹಗ್ಗಾದಾಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ 1837ರಲ್ಲೇ ಒಂದು ಅಚ್ಚಾಗಿತ್ತು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಸರಿಯಾಗಿ ಒಂದು ವರ್ಷಕ್ಕೆ, 1969ರ ಏಪ್ರಿಲ್ 4ರಂದು, ವಾಷಿಂಗ್ಟನ್‌ನ ಕಪ್ಪು ಜನರ ಒಂದು ಚರ್ಚಿನಲ್ಲಿ ಸ್ವಾತಂತ್ರ್ಯದ ಸೇಡರ್ ನಡೆಯಿತು. ಯಹೂದಿಗಳು, ಕಪ್ಪು ಜನ, ಬಿಳಿ ಕ್ರೈಸ್ತರು ನೂರಾರು ಸಂಖ್ಯೆಯಲ್ಲಿ ಸೇರಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆ ಅಂದ ಮೇಲೆ ಅದು ಅವರೆಲ್ಲರ ಕಥೆಯೂ ಹೌದಲ್ಲ. ಅದಕ್ಕಾಗಿ ಹೊಸ ಹಗ್ಗಾದಾ ಬರೆದರು, ಆಮೇಲೆ ಅಂಥವು ಸಾಲು ಸಾಲಾಗಿ ಬಂದವು. ಕಾಫಿ ಕಂಪನಿಯ ಪುಸ್ತಕದಲ್ಲಿ ಈ ಹೊಸ ಧ್ವನಿಗಳು ಇಲ್ಲ. ಬೇಕು ಅನ್ನುವವರು ಬೇರೆ ಪುಸ್ತಕದ ಒಂದೆರಡು ಹಾಳೆ ಇದರ ಮಧ್ಯೆ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯವರೂ ಹಾಗೇ ಮಾಡುತ್ತಾರೆ.

ಇನ್ನು ಶ್ವೇತಭವನದ ಕಥೆ. 2008ರಲ್ಲಿ ಒಬಾಮಾ ಚುನಾವಣಾ ಪ್ರಚಾರದಲ್ಲಿದ್ದಾಗ ಅವರ ಕಚೇರಿಯ ಕೆಲವು ಯುವಕರು ಹಬ್ಬಕ್ಕೆ ಮನೆಗೆ ಹೋಗಲಾಗದೆ ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್‌ನ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ತಾವೇ ಸೇಡರ್ ಮಾಡಿದರು. ಒಬಾಮಾ ಬಂದು ಕೂತರು. ಕೊನೆಯಲ್ಲಿ 'ಮುಂದಿನ ವರ್ಷ ಜೆರುಸಲೇಮಿನಲ್ಲಿ' ಅನ್ನುವುದು ರೂಢಿ. ಅದಾದ ಮೇಲೆ ಅವರು ಮುಂದಿನ ವರ್ಷ ಶ್ವೇತಭವನದಲ್ಲಿ ಎಂದರು. ಹಾಗೇ ಆಯಿತು. 2009ರಿಂದ ಅವರು ಅಧಿಕಾರದಲ್ಲಿ ಇರುವವರೆಗೂ ಅಲ್ಲಿ ಸೇಡರ್ ನಡೆಯಿತು, ಅಲ್ಲಿ ಓದಿದ್ದು ಇದೇ ಮ್ಯಾಕ್ಸ್‌ವೆಲ್ ಹೌಸ್ ಪುಸ್ತಕ. ದುಬಾರಿ ಚರ್ಮದ ಹೊದಿಕೆಯದ್ದು ತರಿಸಲು ಅವರಿಗೆ ಕಷ್ಟವಿತ್ತೇ? ಎಲ್ಲರ ಮನೆಯಲ್ಲೂ ಇರುವುದನ್ನೇ ಇಟ್ಟರು. 2009ರ ಅಕ್ಟೋಬರ್‌ನಲ್ಲಿ ಅಲ್ಲೇ ಒಬಾಮಾ ದೀಪಾವಳಿಯ ದೀಪವನ್ನೂ ಹಚ್ಚಿದರು. ನಮ್ಮ ಹಬ್ಬದ ಸಾಮಾನೂ ಈಗ ನ್ಯೂಜೆರ್ಸಿಯ ದೊಡ್ಡ ಅಂಗಡಿಗಳ ಕಪಾಟಿನಲ್ಲಿ ಕಾಣುತ್ತದೆ. ಕನ್ನಡ ಓದಲು ಬಾರದ ನಮ್ಮ ಮಕ್ಕಳಿಗೆ ಹೀಗೆ ಎರಡು ಭಾಷೆಯ, ಅಚ್ಚುಕಟ್ಟಾದ, ಪುಕ್ಕಟೆಯ ಒಂದು ಹಬ್ಬದ ಪುಸ್ತಕ ಯಾರಾದರೂ ಮಾಡಿಕೊಟ್ಟರೆ ನಾನು ಮೊದಲ ದಿನವೇ ಹೋಗಿ ತರುತ್ತೇನೆ.

ಅಮೆರಿಕದಲ್ಲಿರುವ ನಮ್ಮ ಸಸ್ಯಾಹಾರಿಗಳಿಗೆ ಕೆಲವು ಉಪಯೋಗದ ಮಾತು. ಕೋಷರ್ ಮುದ್ರೆಯ ಪಕ್ಕ 'ಡಿ' ಇದ್ದರೆ ಹಾಲಿನ ಪದಾರ್ಥ ಇದೆ ಅಂತ, ಅದರಲ್ಲಿ ಮಾಂಸ ಇರುವುದಿಲ್ಲ. 'ಪಾರೆವ್' ಅಂತಿದ್ದರೆ ಹಾಲೂ ಇಲ್ಲ, ಮಾಂಸವೂ ಇಲ್ಲ. ಆದರೆ ಮೊಟ್ಟೆ, ಮೀನು ಇರಬಹುದು. ಅದಕ್ಕೇ ಮುದ್ರೆ ಒಂದನ್ನೇ ನಂಬದೆ ಪದಾರ್ಥಗಳ ಪಟ್ಟಿಯನ್ನೂ ಓದಿ. ಸಾದಾ ಮಾಟ್ಸಾದಲ್ಲಿ ಹಿಟ್ಟು, ನೀರು ಅಷ್ಟೆ. ನೀರು ಬಿದ್ದ 18 ನಿಮಿಷದೊಳಗೆ ಬೆಂದಿರಬೇಕು ಅನ್ನುವುದು ನಿಯಮ. ಸೇಡರ್‌ನಲ್ಲಿ ಬಡಿಸುವ ಮಾಟ್ಸಾ ಉಂಡೆಯ ಸಾರು ಸಾಮಾನ್ಯವಾಗಿ ಕೋಳಿಯದ್ದು, ಮೊದಲೇ ಹೇಳಿದರೆ ತರಕಾರಿಯದ್ದು ಮಾಡಿಕೊಡುತ್ತಾರೆ. ತಟ್ಟೆಯಲ್ಲಿ ಇಡುವ ಕುರಿಯ ಮೂಳೆಯ ಬದಲು ಬೀಟ್‌ರೂಟ್ ಇಡುವ ಮನೆಗಳೂ ಇವೆ.

ಪುಸ್ತಕ ಬೇಕಿದ್ದರೆ ಹಬ್ಬಕ್ಕೆ ಎರಡು ಮೂರು ವಾರ ಮುಂಚೆಯೇ ಅಂಗಡಿಗೆ ಹೋಗಿ, ಕೊನೆಯ ವಾರ ಕಟ್ಟು ಖಾಲಿಯಾಗುತ್ತದೆ. ಕರೆದವರ ಮನೆಗೆ ಹೋಗುವ ಮುಂಚೆ ಒಮ್ಮೆ ಓದಿಕೊಂಡರೆ ಊಟದ ಹೊತ್ತಿಗೆ ಯಾವುದೂ ಹೊಸದು ಅನ್ನಿಸುವುದಿಲ್ಲ. ಬರಿಗೈಯಲ್ಲಿ ಹೋಗಬಾರದು ಅಂತ ಮೈಸೂರು ಪಾಕ್ ಮಾಡಿಕೊಂಡು ಹೋಗಬೇಡಿ, ಕಡಲೆ ಹಿಟ್ಟು ಎಷ್ಟೋ ಮನೆಗಳಲ್ಲಿ ಆ ಎಂಟು ದಿನ ನಡೆಯುವುದಿಲ್ಲ. ಹೂವು ಅಥವಾ ಹಣ್ಣು ಒಯ್ಯಿರಿ.